ಮುತ್ಯಾನ ಟಿವಿ ಒಪ್ಪಿದರೆ ಮಾತ್ರ

ಮೇ ತಿಂಗಳಲ್ಲಿ ಕಲಬುರಗಿಯ ಮನೆಗಳ ಒಳಗೆ ರಾತ್ರಿ ಮಲಗುವವರು ಎರಡೇ ಥರದ ಜನ. ಎಸಿ ಇದ್ದವರು, ಇಲ್ಲಾಂದ್ರೆ ನಮ್ಮ ಮುತ್ಯಾನಂಥ ಹಟಮಾರಿಗಳು. ಉಳಿದವರೆಲ್ಲ ಊಟ ಮುಗಿಸಿ ಚಾಪೆ, ದಿಂಬು, ನೀರಿನ ತಂಬಿಗೆ ಹಿಡಿದು ಮಾಳಗಿ ಹತ್ತುತ್ತಾರೆ. ಹಗಲೆಲ್ಲ 43 ಡಿಗ್ರಿಯಲ್ಲಿ ಕಾದ ಶಹಾಬಾದ್ ಫರಸಿ ರಾತ್ರಿ ಹನ್ನೊಂದಾದರೂ ಬಿಸಿ ಉಗುಳುತ್ತಲೇ ಇರುತ್ತದೆ. ಐಪಿಎಲ್ ಬರುವುದೂ ಅದೇ ಹೊತ್ತಿಗೆ. ಹಾಗಾಗಿ ಟಿವಿಯೂ ಮಾಳಗಿ ಹತ್ತಬೇಕು ಅಂತ ನಮ್ಮ ಕಾಕಾ ತೀರ್ಮಾನಿಸಿದ.

ಕಾಕಾನ ಲೆಕ್ಕ ಸರಳ. ಸೆಟ್‌ಟಾಪ್ ಬಾಕ್ಸ್ ಒಂದೇ, ರೀಚಾರ್ಜ್ ಒಂದೇ, ಟಿವಿ ಮೂರು. ಹಾಲ್‌ನಲ್ಲಿ ಹೊಸ 4ಕೆ ಟಿವಿ, ಮುತ್ಯಾನ ಕೋಣೆಯಲ್ಲಿ ಹಳೇದು, ಮಾಳಗಿಯ ತಗಡಿನ ಶೆಡ್ಡಿನಲ್ಲಿ ತಂಗಿಯ ಮನೆಯವರು ಬೇಡ ಅಂತ ಕೊಟ್ಟದ್ದು. ನಡುವೆ ಒಂದೇ ಚಿತ್ರವನ್ನು ಮೂರಕ್ಕೂ ಹಂಚುವ ಸ್ಪ್ಲಿಟರ್ ಅನ್ನುವ ಡಬ್ಬಿ. "ವೈರ್ ಎಳೆದ್ರ ಮುಗೀತು, ಅದರಾಗ ಏನದ?" ಅಂದ.

ಸೂಪರ್ ಮಾರ್ಕೆಟ್ ಕಡೆ ಹೋಗಿ ಬಾಕ್ಸಿನಿಂದ ಟಿವಿಗೆ ಚಿತ್ರ, ದನಿ ಒಯ್ಯುವ ಎಚ್‌ಡಿಎಂಐ ಕೇಬಲ್ 20 ಮೀಟರ್ ತಂದ. ಇಷ್ಟು ಉದ್ದಕ್ಕೆ ಚಿತ್ರ ಬರುತ್ತಾ ಅಂತ ಕೇಳಿದ್ದಕ್ಕೆ ಅಂಗಡಿಯವನು, "ಯಾಕ್ ಬರಂಗಿಲ್ರಿ ಸಾಹೇಬ್ರ? ಬಂಗಾರದ ಪಿನ್ ಅದ ನೋಡ್ರಿ" ಅಂದನಂತೆ. ಬಂಗಾರದ ಲೇಪ ಇದ್ದರೆ ಪಿನ್ನಿಗೆ ಕಿಲುಬು ಹಿಡಿಯುವುದಿಲ್ಲ, ಅಷ್ಟೇ. ದೂರಕ್ಕೂ ಅದಕ್ಕೂ ಏನು ಸಂಬಂಧ? ನಮ್ಮ ಕೋಟೆಯ ಬಾರಾ ಗಜಿ ತೋಪು ಅನ್ನುವ ಫಿರಂಗಿಯ ಉದ್ದವೇ 29 ಅಡಿ ಅನ್ನುತ್ತಾರೆ. ಕೇಬಲ್ ಅದರ ಎರಡರಷ್ಟಕ್ಕಿಂತ ಜಾಸ್ತಿ ಇತ್ತು.

ಮಜಾ ಏನಂದ್ರೆ, ಎಚ್‌ಡಿಎಂಐ ನಿಯಮದಲ್ಲಿ ಇಷ್ಟೇ ಮೀಟರ್ ಅಂತ ಎಲ್ಲೂ ಗೆರೆ ಎಳೆದಿಲ್ಲ. ಕೇಬಲ್ ಸಿಗ್ನಲ್ ಪರೀಕ್ಷೆಯಲ್ಲಿ ಪಾಸಾದರೆ ಸಾಕು. ಆದರೆ ತಾಮ್ರದ ತಂತಿಗೆ ಶಕ್ತಿ ಇರುವಷ್ಟೇ ಇರುತ್ತದೆ. 1080ಪಿ, ಅಂದರೆ ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಸಾಗಿಸಬೇಕು. ಒಳ್ಳೆ ಕೇಬಲ್ ಆದರೆ 10-15 ಮೀಟರ್‌ವರೆಗೆ ನಡೆಯುತ್ತದೆ. ಸೆಕೆಂಡಿಗೆ 60 ಫ್ರೇಮಿನ 4ಕೆ ಅಂದರೆ 18 ಗಿಗಾಬಿಟ್ ದಾರಿ ಬೇಕು. ಐದಾರು ಮೀಟರ್ ದಾಟಿದರೆ ಸಾಮಾನ್ಯ ಕೇಬಲ್ ಕೈ ಎತ್ತಿಬಿಡುತ್ತದೆ.

ಅಂಟೆನಾ ಕಾಲದಲ್ಲಿ ಸಿಗ್ನಲ್ ಕಮ್ಮಿಯಾದರೆ ಚಿತ್ರ ಮಸುಕಾಗುತ್ತಿತ್ತು. ಸಚಿನ್ ಇಬ್ಬರಾಗಿ ಕಾಣುತ್ತಿದ್ದ. ಆದರೂ ಔಟೋ ಸಿಕ್ಸೋ ಗೊತ್ತಾಗುತ್ತಿತ್ತು. ಡಿಜಿಟಲ್‌ಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಮೊದಲು ಪರದೆ ತುಂಬ ಬಿಳಿ ಚುಕ್ಕಿ ಮಿಂಚಿದವು. ಆಮೇಲೆ ಬೌಲರ್ ಓಡಿ ಬರುವಾಗ ಕತ್ತಲು, ಬಾಲು ಬೌಂಡರಿ ದಾಟಿದ ಮೇಲೆ ಚಿತ್ರ.

ಹೈದರಾಬಾದಿನಲ್ಲಿರುವ ನನ್ನ ತಮ್ಮ ಫೋನಿನಲ್ಲೇ ಉಪಾಯ ಹೇಳಿದ. ಎಚ್‌ಡಿಬೇಸ್‌ಟಿ ಅಂತ ಒಂದು ಪದ್ಧತಿ ಇದೆ, ನೆಟ್‌ವರ್ಕ್ ಕೇಬಲ್‌ನಲ್ಲೇ 100 ಮೀಟರ್‌ವರೆಗೆ ಚಿತ್ರ ಕಳಿಸಬಹುದು, ಈ ತುದಿಗೆ ಟ್ರಾನ್ಸ್‌ಮಿಟರ್, ಆ ತುದಿಗೆ ರಿಸೀವರ್. ಇಲ್ಲಿ ಟ್ರಾನ್ಸ್‌ಮಿಟರ್ ಒಂದೇ ಸಿಕ್ಕಿತು. ರಿಸೀವರನ್ನು ತಮ್ಮ ಅಲ್ಲಿಂದ, ಸಿಕ್ಕಿದ್ದರಲ್ಲಿ ಸೋವಿ ನೋಡಿ ಕಳಿಸಿದ. ಎರಡೂ ಕರಿ ಡಬ್ಬಿ, ಎರಡಕ್ಕೂ ಅದೇ ಜಾಕು, ಎರಡರಲ್ಲೂ ಹಸಿರು ದೀಪ. ಚಿತ್ರ ಮಾತ್ರ ಇಲ್ಲ. ತಮ್ಮ ಕಳಿಸಿದ್ದು ಬೇರೆ ಜಾತಿಯದು, ನೆಟ್‌ವರ್ಕ್ ಡೇಟಾ ಆಗಿ ಬರುವ ಚಿತ್ರವನ್ನಷ್ಟೇ ಬಿಡಿಸಿ ತೋರಿಸುವಂಥದ್ದು. ಒಂದರದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಕಾಕಾ ಬಿಡುವವನಲ್ಲ, ನಡುವೆ ವೈಫೈ ರೂಟರ್ ತಂದು ಸಿಕ್ಕಿಸಿದ. ಜಾಕು ಕೂಡಿದರೂ ಎಚ್‌ಡಿಬೇಸ್‌ಟಿ ಸಿಗ್ನಲ್ ರೂಟರಿಗೆ ಅರ್ಥವಾಗುವಂಥದ್ದಲ್ಲ. ಮನೆಯ ಇಂಟರ್ನೆಟ್ ಒಂದು ಹೋಯಿತು.

ಕೊನೆಗೆ ವೈರಿಂಗ್ ಹುಡುಗ ಬಂದ. "ಇವು ಜೋಡಿ ಜೋಡಿನೇ ತೊಗೋಬೇಕ್ರಿ ಕಾಕಾ" ಅಂದ. ಆಮೇಲೆ ನೆಟ್‌ವರ್ಕ್ ಕೇಬಲ್‌ನ ತುದಿ ಸುಲಿದ. ಒಂದು ಎಳೆ ಎತ್ತಿ, ಉಗುರಿನ ಮೇಲಿಟ್ಟು ಬ್ಲೇಡಿನಿಂದ ಮೆಲ್ಲಗೆ ಕೆರೆದ. ಕೆಂಪು ಬಣ್ಣ ಪುಡಿಯಾಗಿ ಉದುರಿತು. ಒಳಗೆ ಬೆಳ್ಳಗೆ ಹೊಳೆಯಿತು. "ನೋಡ್ರಿ, ಇದು ತಾಮ್ರ ಅಲ್ಲ. ಅಲ್ಯುಮಿನಿಯಂಗ ತಾಮ್ರದ ಅಂಗಿ ತೊಡಿಸ್ಯಾರ." ಇಂಥ ತಂತಿಯಲ್ಲಿ ತಡೆ ಜಾಸ್ತಿ. ಸಿಗ್ನಲ್ ಬೇಗ ಸೊರಗುತ್ತದೆ, ಅದೇ ತಂತಿಯಲ್ಲಿ ರಿಸೀವರಿಗೆ ಹೋಗಬೇಕಾದ ಕರೆಂಟೂ ಅರ್ಧ ದಾರಿಯಲ್ಲೇ ಬಡವಾಗುತ್ತದೆ. ಕಾಕಾ ಆ ಎಳೆಯನ್ನು ಜೇಬಿಗೆ ಹಾಕಿಕೊಂಡು ಅಂಗಡಿಯವನ ಮೇಲೆ ದಂಡೆತ್ತಿ ಹೋದ. ಅಲ್ಲಿ ಚಹಾ ಕುಡಿದು ಬಂದ, ಅಷ್ಟೇ.

ಅಪ್ಪಟ ತಾಮ್ರದ ಕೇಬಲ್, ಒಂದೇ ಕಂಪನಿಯ ಜೋಡಿ ಡಬ್ಬಿ ಬಂದ ಮೇಲೆ ಮಾಳಗಿಯಲ್ಲಿ ಚಿತ್ರ ಮೂಡಿತು. ಚಿಗವ್ವ ತೆಂಗಿನಕಾಯಿಯನ್ನೂ ಒಡೆದಳು. ಆದರೆ ಹಾಲ್‌ನ ಹೊಸ ಟಿವಿಯ 4ಕೆ ಮಾಯ! ಸ್ಪ್ಲಿಟರ್ ಮೊದಲು ಪ್ರತಿ ಟಿವಿಯನ್ನೂ ನಿನ್ನಿಂದ ಎಷ್ಟಾಗುತ್ತೆ ಅಂತ ವಿಚಾರಿಸುತ್ತದೆ. ಟಿವಿ ಕೊಡುವ ಆ ಉತ್ತರಕ್ಕೆ ಇಡಿಐಡಿ ಅನ್ನುತ್ತಾರೆ. ಅಗ್ಗದ ಸ್ಪ್ಲಿಟರ್ ಆದರೆ ಎಲ್ಲರಿಗೂ ಆಗುವಷ್ಟನ್ನೇ ಎಲ್ಲರಿಗೂ ಬಡಿಸುತ್ತದೆ. ಮುತ್ಯಾನ ಟಿವಿ 1080ಪಿ ಮೇಲೆ ಬೇಡ ಅಂದಿತು. ಸಾಲದ್ದಕ್ಕೆ 4ಕೆ ಸಿನಿಮಾಗಳಿಗೆ ನಕಲು ಮಾಡದಂತೆ ತಡೆಯುವ ಎಚ್‌ಡಿಸಿಪಿ 2.2 ಅನ್ನುವ ಬೀಗ ಇರುತ್ತದೆ. ಅದರ ಕೀಲಿ ಆ ಹಳೇ ಟಿವಿಯ ಹತ್ತಿರ ಇಲ್ಲ. ಕೂಡು ಕುಟುಂಬದಲ್ಲಿ ಹಿರಿಯರ ಮಾತೇ ನಡೆಯುವುದು, ಅಲ್ವಾ?

"ಅಪ್ಪಾ, ನಿನ್ನ ಟಿವಿ ಬದಲ್ ಮಾಡಮೇನು?" ಅಂತ ಕಾಕಾ ಕೇಳಿದ.

"ನನ್ನ ಟಿವಿಗಿ ಏನಾಗ್ಯಾದ? ನಿಂದೇ ಕೆಟ್ಟಿರಬೇಕು."

ಇನ್ನು ರಿಮೋಟ್. ಬಾಕ್ಸ್ ಕೆಳಗೆ, ನಾವು ಮೇಲೆ. ರಿಮೋಟಿನ ಕಿರಣ ಕಲ್ಲಿನ ಗೋಡೆ ದಾಟುವುದಿಲ್ಲ. ಅದಕ್ಕಂತಲೇ ಡಬ್ಬಿಯ ಜೊತೆ ರಿಮೋಟಿನ ಸಂಕೇತ ಕೆಳಗಿನ ಬಾಕ್ಸಿಗೆ ಮುಟ್ಟಿಸುವ ಸಣ್ಣ ಐಆರ್ ವೈರು ಕೊಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಚಾರ್ಜರ್ ಇರಬೇಕು ಅಂತ ಯಾರೋ ಎತ್ತಿಟ್ಟುಬಿಟ್ಟಿದ್ದರು. ಹಾಗಾಗಿ ತಂಗಿಯ ಮಗನನ್ನು ಮೆಟ್ಟಿಲ ಮೇಲೆ ಕೂರಿಸಿದೆವು. ಮೇಲಿಂದ "ಮುಂದಿನ ಚಾನೆಲ್!" ಅಂತ ಕೂಗಿದರೆ ಅವನು ಹಾಲ್‌ಗೆ ಓಡುತ್ತಿದ್ದ. ಒಂದು ಓಟಕ್ಕೆ ಒಂದು ಕುಲ್ಫಿ ಬೇಕು ಅಂತ ಎರಡನೇ ದಿನವೇ ದರ ಏರಿಸಿದ.

ಆ ರಾತ್ರಿ ಕೊನೆಯ ಓವರ್. ಎರಡು ಬಾಲ್, ಆರು ರನ್. ಮಾಳಗಿಯಲ್ಲಿ ಪಕ್ಕದ ಮನೆಯವರೂ ಸೇರಿದ್ದರು. ಹುಡುಗ ಮೆಟ್ಟಿಲ ಮೇಲೆಯೇ ನಿದ್ದೆ ಹೋಗಿದ್ದ. ಬೌಲರ್ ಓಡಿ ಬಂದ, ಕೈ ಎತ್ತಿದ, ಅಷ್ಟರಲ್ಲಿ ಪರದೆಯ ಮೇಲೆ ಒಬ್ಬ ಸ್ವಾಮಿಗಳು ಪ್ರತ್ಯಕ್ಷರಾಗಿ ಆಸೆ ಬಿಡಬೇಕು ಅಂತ ಹೇಳತೊಡಗಿದರು. ಮುತ್ಯಾನ ಪ್ರವಚನದ ಹೊತ್ತಾಗಿತ್ತು. ಎದ್ದು ಬಂದು ರಿಮೋಟ್ ಒತ್ತಿದ್ದ. ಬಾಕ್ಸ್ ಒಂದೇ, ಮೂರೂ ಟಿವಿಯಲ್ಲಿ ಅದೇ ಚಾನೆಲ್.

ಕಾಕಾ ಮೆಟ್ಟಿಲ ಬಾಗಿಲಿಗೆ ಹೋಗಿ, "ಅಪ್ಪಾ! ಮ್ಯಾಚ್!" ಅಂತ ಒದರಿದ. ಗದ್ದಲಕ್ಕೆ ಸರಿಯಾಗಿ ಕೇಳಿಸದೆ ಮುತ್ಯಾ ಪ್ರವಚನದ ದನಿ ಏರಿಸಿದ. ಏರಿದ ದನಿ ತಾಮ್ರದ ತಂತಿ ಹಿಡಿದು, ಎಲ್ಲೂ ಮುಕ್ಕಾಗದೆ, ಮಾಳಗಿಯವರೆಗೂ ಬಂತು.