ಯುಸಿಎಸ್ ತಿರುಗಿಸಿದರೆ ಸರ್ವೆ ಕೆಡುವುದಿಲ್ಲ

ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್‌ನಲ್ಲಿ ಯುಸಿಎಸ್ (ನಾವೇ ಬೇಕಾದಂತೆ ಇಟ್ಟುಕೊಳ್ಳುವ ಅಳತೆಯ ಅಕ್ಷಗಳು) ಬದಲಿಸಿದರೆ ಸರ್ವೆ ಪಾಯಿಂಟುಗಳು ಜಾಗ ಬಿಡುತ್ತವೆ ಎಂಬ ಮೆಸೇಜ್ ಶಿವಮೊಗ್ಗದ ಡ್ರಾಫ್ಟಿಂಗ್ ಗೆಳೆಯರ ನಡುವೆ ಓಡಾಡುತ್ತಿದೆ. ಇದು ತಪ್ಪು.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟ ಎಂದುಕೊಳ್ಳಿ. ಗಡಿ ಓರೆಯಾಗಿರುತ್ತದೆ, ನೆಟ್ಟಗಿರುವುದು ಅಪರೂಪ ಅಲ್ವಾ? ಬೇಲಿಗೆ ಸಮವಾಗಿ ಗೆರೆ ಎಳೆಯಲು ಯುಸಿಎಸ್ ತಿರುಗಿಸುತ್ತೀರಿ. ಆಗ ತಿರುಗುವುದು ನಿಮ್ಮ ಅಳತೆಪಟ್ಟಿ ಮಾತ್ರ, ತೋಟವಲ್ಲ. ಡಬ್ಲ್ಯುಸಿಎಸ್, ಅಂದರೆ ಡ್ರಾಯಿಂಗಿನ ಬದಲಾಗದ ಮೂಲ ಅಕ್ಷಗಳು, ಇದ್ದಲ್ಲೇ ಇರುತ್ತದೆ. ಪಾಯಿಂಟ್ ಎಲ್ಲಿದೆ ಎಂದು ಹೇಳುವ ಐಡಿ ಕಮಾಂಡ್ ಈಗಿನ ಯುಸಿಎಸ್ ಪ್ರಕಾರ ಅಂಕಿ ತೋರಿಸುತ್ತದೆ. ಗಾಬರಿ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಯುಸಿಎಸ್ ಕಮಾಂಡ್ ಕೊಟ್ಟು ವರ್ಲ್ಡ್ ಆರಿಸಿ ನೋಡಿ, ಹಳೆಯ ಯುಟಿಎಂ 43 ಉತ್ತರದ (ನಮ್ಮ ಭಾಗ ಬರುವ ಭೂನಕ್ಷೆ ವಲಯ) ಅಂಕಿಗಳೇ ಸಿಗುತ್ತವೆ.

ನಿಜವಾಗಿ ಕೆಡಿಸುವುದು ಡ್ರಾಯಿಂಗನ್ನೇ ಸರಿಸುವ, ತಿರುಗಿಸುವ ಮೂವ್, ರೊಟೇಟ್ ಕಮಾಂಡುಗಳು. ಪರದೆಯ ಮೇಲಿನ ನೋಟ ಯುಸಿಎಸ್ ಪ್ರಕಾರ ನೇರವಾಗಬೇಕಾದರೆ ಪ್ಲಾನ್ ಕಮಾಂಡ್ ಸಾಕು. ಸುಮ್ನೆ ಡ್ರಾಯಿಂಗನ್ನೇ ತಿರುಗಿಸಬೇಡಿ. ಬೇಕಾದ ಯುಸಿಎಸ್‌ಗೆ ‘ಬೇಲಿ’ ಅಂತಲೋ ಏನೋ ಹೆಸರಿಟ್ಟು ಸೇವ್ ಮಾಡಿಕೊಳ್ಳಿ.