‘ಹೋಗಲಿ ಬಿಡು’ ಅಂದರಲ್ಲ, ಯಾಕೆ?

ನಿನ್ನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಗೆಳತಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟದ ಹೊತ್ತಿಗೆ ಹಿರಿಯರೊಬ್ಬರು ಮನೆ ಮಗಳನ್ನು “ಎಲ್ಲಿ ಓದ್ತಿದ್ದೀಯಮ್ಮಾ?” ಅಂತ ಕೇಳಿದರು. ಹುಡುಗಿ ಖುಷಿಯಿಂದಲೇ “ಕಮ್ಯುನಿಟಿ ಕಾಲೇಜು, ಬಯೋಟೆಕ್ನಾಲಜಿ” ಅಂದಳು. ಸಾಮಾನ್ಯವಾಗಿ ಎರಡು ವರ್ಷ ಓದಿಸುವ, ಕಡಿಮೆ ಶುಲ್ಕದ ಸರ್ಕಾರಿ ಕಾಲೇಜು ಅದು. “ಓ... ಹೋಗಲಿ ಬಿಡು, ಮುಂದೆ ಬರ್ಕ್ಲಿ ಯೂನಿವರ್ಸಿಟಿಗೆ ಟ್ರೈ ಮಾಡು.” ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ಧಾಟಿ. ಅವಳು ಮುಂದೆ ಮಾತಾಡದೆ ತಟ್ಟೆ ನೋಡುತ್ತಾ ನಿಂತಳು.

ಏನನ್ನು ಬಿಡಬೇಕು? ಯಾಕೆ ಬಿಡಬೇಕು?

ನನ್ನ ಕಥೆ ನಿಮಗೆಲ್ಲ ಗೊತ್ತು. ಊರಲ್ಲಿ ಬಯೋಟೆಕ್ ಬಿಇ, ಆಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್, ಮದುವೆ, ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಮನೆಯಲ್ಲಿ ಕೂತ ವರ್ಷಗಳು. ಹೇಳದೇ ಉಳಿಸಿಕೊಂಡಿದ್ದು ಒಂದಿದೆ. ಬಿಇಯ ಆ ನಾಲ್ಕು ವರ್ಷಗಳಲ್ಲಿ, ಹನಿಯಷ್ಟು ದ್ರವವನ್ನು ಅಳೆದು ಎಳೆಯುವ ಮೈಕ್ರೋಪಿಪೆಟ್ ನನ್ನ ಕೈಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಮೇಡಂ ಮಾಡಿ ತೋರಿಸುತ್ತಿದ್ದರು, ನಾವು ಸುತ್ತ ನಿಂತು ನೋಡುತ್ತಿದ್ದೆವು. ರೀಡಿಂಗುಗಳನ್ನು ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆದೆವು. ನಾನೂ ಬರೆದೆ. ಪ್ರಾಕ್ಟಿಕಲ್‌ನಲ್ಲಿ ನನಗೆ ತುಂಬಾ ಒಳ್ಳೆಯ ಅಂಕ ಬಂದಿತ್ತು.

ಮೂವತ್ತೆಂಟನೇ ವಯಸ್ಸಿಗೆ ಇಲ್ಲಿ ಕಮ್ಯುನಿಟಿ ಕಾಲೇಜು ಸೇರಿದೆ. ಮೊದಲ ವಾರದ ಕೆಲಸ ಇಷ್ಟೇ: 100 ಮೈಕ್ರೋಲೀಟರ್ ನೀರನ್ನು ಪಿಪೆಟ್‌ನಲ್ಲಿ ಎಳೆದು ತಕ್ಕಡಿಯ ಮೇಲೆ ಬಿಡು, 0.1 ಗ್ರಾಂ ತೂಗಬೇಕು. ನನ್ನದು ಒಮ್ಮೆ 0.112, ಒಮ್ಮೆ 0.087. ಪಕ್ಕದಲ್ಲಿದ್ದ ಹತ್ತೊಂಬತ್ತರ ಹುಡುಗ, ರಾತ್ರಿ ಪಾಳಿ ಮುಗಿಸಿ ಬಂದಿದ್ದವನು, ನನ್ನ ಹೆಬ್ಬೆರಳು ನೋಡಿ ಹೇಳಿಕೊಟ್ಟ: ಎಳೆಯುವಾಗ ಮೇಲಿನ ಗುಂಡಿಯನ್ನು ಮೊದಲ ತಡೆಯವರೆಗೆ ಮಾತ್ರ ಒತ್ತಿ, ನಿಧಾನವಾಗಿ ಬಿಡಿ, ಎರಡನೇ ತಡೆ ನೀರು ಹೊರಹಾಕುವಾಗ. ಬಿಇ ಮುಗಿಸಿದವಳಿಗೆ ಅದು ಅವತ್ತು ಗೊತ್ತಾಯಿತು.

ಕೈ ನಡುಗಿ 0.087ನ್ನು ಅಳಿಸಲು ಹೋದೆ. ಟೀಚರ್ ತಡೆದರು. ತಪ್ಪಾಗಿ ಬರೆದಿದ್ದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು ಹಾಕಬೇಕು. ಬಂದ ರೀಡಿಂಗ್ ಬಂದ ಹಾಗೆಯೇ ಇರಬೇಕು. ಔಷಧಿ ತಯಾರಿಸುವ ಕಡೆ ಬರೆಯದೇ ಇದ್ದದ್ದು ಮಾಡಿಯೇ ಇಲ್ಲ ಅಂತ ಲೆಕ್ಕ. ಸೀನಿಯರ್ ರೆಕಾರ್ಡ್ ನೋಡಿ ಬರೆದಿದ್ದ ನನಗೆ ಆ ಹೊತ್ತು ಕಣ್ಣು ತುಂಬಿ ಬಂತು. ಇವತ್ತು ನಾನು ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಿರುವುದು ಆ ಒಂದು ಗೆರೆಯ ಋಣದಿಂದ.

“ಅದು ಟೆಕ್ನಿಶಿಯನ್ ಕೆಲಸ, ಸಂಶೋಧನೆಗೆ ಪಿಎಚ್‌ಡಿ ಬೇಕಲ್ಲ” ಅಂತೀರಿ. ಬೇಕು, ಸರಿ. ಆದರೆ ಪಿಎಚ್‌ಡಿ ಮಾಡಿದವರು ಕಂಡುಹಿಡಿದ ಔಷಧಿ ರೋಗಿಯ ಕೈಗೆ ತಾನಾಗಿ ಬರುವುದಿಲ್ಲ. ಯಾರೋ ಸೆಲ್ ಬೆಳೆಸುವ ತೊಟ್ಟಿಯಾದ ಬಯೋರಿಯಾಕ್ಟರ್ ಕಾಯಬೇಕು, ಯಾರೋ ಪ್ರತಿ ಬ್ಯಾಚ್ ಪರೀಕ್ಷಿಸಬೇಕು. ಓದು ಅಲ್ಲಿಗೇ ನಿಲ್ಲಬೇಕೆಂದೂ ಇಲ್ಲ. ಎರಡು ವರ್ಷ ಓದಿ ಬರ್ಕ್ಲಿಗೇ ಟ್ರಾನ್ಸ್‌ಫರ್ ಆದವರಿದ್ದಾರೆ. ಓಷನ್‌ಸೈಡ್‌ನ ಮಿರಾಕೋಸ್ಟಾ ಕಾಲೇಜಿನಲ್ಲಿ, ಇತ್ತ ಸೊಲಾನೊ ಕಾಲೇಜಿನಲ್ಲಿ, ಜೀವಕೋಶಗಳಿಂದ ಔಷಧಿ ತಯಾರಿಸುವ ಬಯೋಮ್ಯಾನುಫ್ಯಾಕ್ಚರಿಂಗ್‌ನಲ್ಲಿ ಬ್ಯಾಚುಲರ್ ಡಿಗ್ರಿಯೇ ಇದೆ. ಕಮ್ಯುನಿಟಿ ಕಾಲೇಜುಗಳಿಗೆ ಅಂಥ ಡಿಗ್ರಿ ಕೊಡಲು ಕ್ಯಾಲಿಫೋರ್ನಿಯಾ 2014ರಲ್ಲಿ ಪ್ರಾಯೋಗಿಕವಾಗಿ ಅವಕಾಶ ಕೊಟ್ಟಿತು, 2021ರಲ್ಲಿ ಅದನ್ನು ಕಾಯಂ ಮಾಡಿತು. ಮೊದಲೆರಡು ವರ್ಷದ ಕೋರ್ಸುಗಳಿಗೆ ಇಲ್ಲಿನ ನಿವಾಸಿಗಳು ಕಟ್ಟುವುದು ಒಂದು ಕ್ರೆಡಿಟ್ ಯೂನಿಟ್‌ಗೆ 46 ಡಾಲರ್. ಹೆಸರಿಗಾಗಿ ಮನೆ ಅಡವಿಟ್ಟು ಓದಿಸುವವರು ಇದನ್ನು ಒಮ್ಮೆ ನೋಡಬಾರದೇ?

ಇಷ್ಟೆಲ್ಲ ಗೊತ್ತಿದ್ದೂ ನಿನ್ನೆ ನಾನು ಬಾಯಿ ಬಿಡಲಿಲ್ಲ. “ನಾನೂ ಅಲ್ಲೇ ಓದಿದ್ದು” ಅನ್ನುವ ಮೂರು ಪದ ಸಾಕಿತ್ತು. ಹಿರಿಯರ ಎದುರು, ಪೂಜೆಯ ಮನೆ ಅಂತ ಸುಮ್ಮನಾದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಆ ಹುಡುಗಿಗೆ ಫೋನ್ ಮಾಡಿ ಆ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆಂಟಿ, ನಮ್ಮ ಫ್ಲಾಸ್ಕಿನಲ್ಲಿ ಸೆಲ್ ಬೆಳೆಸುವ ಮೀಡಿಯಾ ದ್ರವ ಕೆಂಪು ಹೋಗಿ ಹಳದಿಗೆ ತಿರುಗಿದೆ. ಸೆಲ್‌ಗಳು ತುಂಬಿಕೊಂಡಿವೆ, ಇವತ್ತು ಬೇರೆ ಫ್ಲಾಸ್ಕಿಗೆ ಹಂಚಬೇಕು. ಎಂಟಕ್ಕೆ ಲ್ಯಾಬ್, ಹೊರಟೆ” ಅಂದಳು.