ಹಡಗಿನ ಗ್ಯಾಲರಿ

ಎರಡು ವರ್ಷದ ಹಿಂದೆ ಕ್ರೂಸ್‌ನಲ್ಲಿ, ಅಂದರೆ ಪ್ರವಾಸದ ಹಡಗಿನಲ್ಲಿ, ನಾವು ಜಾಸ್ತಿ ದುಡ್ಡು ಕೊಟ್ಟು ತಗೊಂಡ ಬಾಲ್ಕನಿಯಿಂದ ಕಾಣಿಸಿದ್ದು ಒಂದು ದೋಣಿಯ ಹೊಟ್ಟೆ. ಕಿತ್ತಳೆ ಬಣ್ಣದ ಲೈಫ್‌ಬೋಟ್. ಕೈ ಚಾಚಿದರೆ ಸಿಗುತ್ತೇನೋ ಅನ್ನುವಷ್ಟು ಹತ್ತಿರ.

ಹಿರಿಯರು ಮೊದಲು ನೋಡಲಿ ಅಂತ ಪರದೆ ಸರಿಸಿ, ಗಾಜಿನ ಬಾಗಿಲು ಎಳೆದು ಅತ್ತೆಯನ್ನು ಹೊರಗೆ ಕಳಿಸಿದ್ದೆವು. ಅವರು ಸೆರಗು ಸರಿಮಾಡಿಕೊಂಡು ಒಂದು ನಿಮಿಷ ಹಾಗೇ ನಿಂತರು. ಆಮೇಲೆ ತಿರುಗಿ, “ಯವ್ವಾ, ಮನಿ ಮುಂದ ಯಾರೋ ಟ್ರ್ಯಾಕ್ಟರ್ ತಂದು ನಿಲ್ಲಿಸ್ಯಾರಲ್ಲ” ಅಂದರು.

ವಾಪಸ್ ಬಂದ ಮೇಲೆ ಏಜೆಂಟರನ್ನು ಕೇಳಿದೆ. ಅವರ ಹೆಸರು, ಹಡಗಿನ ಹೆಸರು ಇಲ್ಲಿ ಬೇಡ. “ಮೇಡಂ, ಬಾಲ್ಕನಿ ಅಂದ್ರಿ, ಬಾಲ್ಕನಿ ಕೊಟ್ಟೇವ್ರಿ. ಸಮುದ್ರ ಕಾಣಬೇಕಂತ ಹೇಳಿದ್ದಿಲ್ಲಲ್ರಿ” ಅಂದರು. ಸಿಟ್ಟು ಬಂತು. ಆದರೆ ಮನೆಗೆ ಬಂದು ವೋಚರ್ ತೆಗೆದು ನೋಡಿದರೆ ಸಣ್ಣ ಅಕ್ಷರದಲ್ಲಿ ‘ಆಬ್‌ಸ್ಟ್ರಕ್ಟೆಡ್ ವ್ಯೂ’ ಅಂತ ಇತ್ತು. ನೋಟಕ್ಕೆ ಅಡ್ಡ ಇದೆ ಅಂತ ಅರ್ಥ. ಆಫೀಸಿನಲ್ಲಿ ದಿನವಿಡೀ ಬೇರೆಯವರ ಬಿಲ್ ಓದುವ ನಾನು ನನ್ನದೇ ವೋಚರ್ ಓದಿರಲಿಲ್ಲ.

ಬರುವ ದಸರಾ ರಜೆಗೆ ಮತ್ತೆ ಹೊರಟಿದ್ದೇವೆ. ಈ ಸಲ ಏಳು ಜನ. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ, ಧಾರವಾಡದಿಂದ ನಾದಿನಿ ಮತ್ತು ಅವಳ ಗಂಡ. ಮೂರು ವಾರದಿಂದ ರಾತ್ರಿ ಊಟ ಆದ ಮೇಲೆ ನನ್ನ ಕೆಲಸ ಒಂದೇ, ಹಡಗುಗಳ ಡೆಕ್ ಪ್ಲ್ಯಾನ್, ಅಂದರೆ ಒಂದೊಂದು ಮಹಡಿಯ ನಕ್ಷೆ, ನೋಡುವುದು. “ಪಿಎಚ್‌ಡಿ ಮಾಡಾಕತ್ತಿಯೇನ?” ಅಂತ ಯಜಮಾನರು ಕೇಳಿ ಆಯಿತು. ಅದಕ್ಕೇ ಈ ಉದ್ದ ಪೋಸ್ಟ್. ಕ್ರೂಸ್‌ಗೆ ಹೋಗಬೇಕು ಅಂತ ಹೋದ ತಿಂಗಳು ನನ್ನನ್ನು ಕೇಳಿದ ಮೂರ್ನಾಲ್ಕು ಜನರಿಗೂ ಒಟ್ಟಿಗೆ ಉತ್ತರ ಆಗಲಿ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮನೆಮಂದಿ ಎಲ್ಲರಿಗೂ ಬಾಲ್ಕನಿ ತಗೊಳ್ಳೋದು ದಂಡ. ಒಂದೇ ಒಂದು ತಗೊಳ್ಳಿ, ಅದೂ ಕೂತುಕೊಳ್ಳುವವರಿಗೆ.

ಯಾಕೆ ಅಂದರೆ, ಹೋದ ಸಲ ಆ ಬಾಲ್ಕನಿಯಲ್ಲಿ ನಾವು ಕೂತಿದ್ದೇ ಇಲ್ಲ. ಬೆಳಿಗ್ಗೆ ಎದ್ದರೆ ಬಫೆ, ಆಮೇಲೆ ಮಕ್ಕಳನ್ನು ಕರೆದುಕೊಂಡು ಈಜುಕೊಳ, ಸಂಜೆ ಶೋ, ಮತ್ತೆ ಬಫೆ. ಫೋಟೋ ತೆಗೆಯೋಕೆ ಎರಡು ಸಲ ಹೊರಗೆ ಹೋಗಿದ್ದೇವೆ ಅಷ್ಟೇ. ಅಲ್ಲಿ ನಿಜವಾಗಿ ವಾಸ ಮಾಡಿದವರು ಅತ್ತೆ ಒಬ್ಬರೇ. ದೋಣಿಯ ಬಾಲಕ್ಕೂ ಪಕ್ಕದ ಗೋಡೆಗೂ ನಡುವೆ ಒಂದು ಮೊಳದಷ್ಟು ಸಂದು ಇತ್ತು. ಅದರಲ್ಲಿ ಸಮುದ್ರ ಕಾಣುತ್ತಿತ್ತು. ಅವರು ಕುರ್ಚಿಯನ್ನು ಮೂಲೆಗೆ ಎಳೆದುಕೊಂಡು, ಗಾಳಿಗೆ ಹಾರದಂತೆ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ನಮ್ಮ ಕಡೆ ಬಾಲ್ಕನಿಗೆ ಗ್ಯಾಲರಿ ಅನ್ನುತ್ತೇವೆ. ಅತ್ತೆಯ ತವರು ಬೆಟಗೇರಿ, ಅಲ್ಲಿ ಮನೆ ಮುಂದೆ ಕಟ್ಟೆ. ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಗೆ ಕಟ್ಟೆ ಇಲ್ಲ, ಹಾಗಾಗಿ ಗ್ಯಾಲರಿಯೇ ಅವರ ಕಟ್ಟೆ. ಹಡಗಿನಲ್ಲೂ ಅದೇ ಆಯಿತು.

ಅವರಿಗೆ ನಾಲ್ಕೂವರೆಗೆ ಎಚ್ಚರ ಆಗುತ್ತದೆ. ನಲವತ್ತು ವರ್ಷದ ಅಭ್ಯಾಸ, ಹಡಗು ಹತ್ತಿದರೆ ಬಿಡುತ್ತಾ? ಬಾಲ್ಕನಿ ಇತ್ತು, ಸದ್ದಿಲ್ಲದೆ ಹೊರಗೆ ಹೋಗಿ ಕೂತರು. ಇಂಟೀರಿಯರ್ ಕ್ಯಾಬಿನ್, ಅಂದರೆ ಹಡಗಿನ ಒಳಭಾಗದ ಕೋಣೆ ಆಗಿದ್ದರೆ ಕತೆ ಬೇರೆ. ಅದಕ್ಕೆ ಕಿಟಕಿ ಇರೋದಿಲ್ಲ. ದೀಪ ಆರಿಸಿದರೆ ಮಧ್ಯಾಹ್ನವೂ ಅಮಾವಾಸ್ಯೆ. ಅವರು ದೀಪ ಹಾಕಬೇಕು, ಮಕ್ಕಳು ಏಳಬೇಕು, ಐದು ಗಂಟೆಗೇ ಮನೆಮಂದಿಗೆಲ್ಲ ಬೆಳಗಾಗಬೇಕು. ಸಣ್ಣ ಮಕ್ಕಳು ಒಂಬತ್ತಕ್ಕೇ ಮಲಗುವ ಮನೆಯಲ್ಲೂ ಇದೇ ತೊಂದರೆ, ಉಲ್ಟಾ. ಅಪ್ಪ ಅಮ್ಮ ಕತ್ತಲಲ್ಲಿ ಮೊಬೈಲ್ ಬೆಳಕು ಮುಚ್ಚಿಕೊಂಡು ಕೂರಬೇಕು. ಹಾಗಾಗಿ ನಾಲ್ಕು ಜನ ಒಂದೇ ಕೋಣೆಯಲ್ಲಿದ್ದಾಗ ಬಾಲ್ಕನಿ ಒಂದು ಎರಡನೇ ಕೋಣೆ. ನೋಟ ಆಮೇಲಿನ ಮಾತು.

ಒಂದು ರಾತ್ರಿ ಅವರು ನನ್ನನ್ನು ಮೆಲ್ಲಗೆ ತಟ್ಟಿ ಎಬ್ಬಿಸಿದರು. ಆ ಸಂದಿನಲ್ಲಿ, ದೂರದಲ್ಲಿ, ಮೀನು ಹಿಡಿಯುವ ದೋಣಿಯ ಒಂದು ದೀಪ. “ಯಾರೋ ಎದ್ದಾರ ನೋಡ” ಅಂದರು. ಅಷ್ಟಕ್ಕೇ ಎಬ್ಬಿಸಿದ್ದರು. ನಾನೂ ಹತ್ತು ನಿಮಿಷ ನೋಡಿದೆ.

ಸರಿ, ಈಗ ಬಾಲ್ಕನಿಗಳ ವಿಷಯ. ಎಲ್ಲದಕ್ಕೂ ಹೆಸರು ಒಂದೇ, ಒಳಗಿನ ಮಾಲು ಬೇರೆ ಬೇರೆ.

ನನ್ನ ಮಗಳಿಗೆ ಇಷ್ಟವಾದದ್ದು ಒಳಮುಖದ ಬಾಲ್ಕನಿ. ರಾಯಲ್ ಕೆರಿಬಿಯನ್ ಕಂಪನಿ 2009ರಲ್ಲಿ ಓಯಸಿಸ್ ಆಫ್ ದಿ ಸೀಸ್ ಅನ್ನುವ ಹಡಗು ತಂದಾಗ ಅದರ ನಡುವೆ ಸೆಂಟ್ರಲ್ ಪಾರ್ಕ್ ಅಂತ ನಿಜವಾದ ಗಿಡಮರಗಳ ತೋಟ ಮಾಡಿತು. ಅದರ ಎರಡೂ ಬದಿ ಕ್ಯಾಬಿನ್‌ಗಳು, ಬಾಲ್ಕನಿ ತೋಟದ ಕಡೆಗೆ. ಸಿಂಗಪುರದಿಂದ ಹೊರಡುವ ಡಿಸ್ನಿ ಅಡ್ವೆಂಚರ್ ಹಡಗಿನಲ್ಲೂ ಇಂಥವು ಇವೆ. ಮಕ್ಕಳಿಗೆ ಗದ್ದಲ, ಬಣ್ಣ, ಮೇಲಿಂದ ಶೋ, ಎಲ್ಲ ಇಷ್ಟ. ನನಗೆ ಮಾತ್ರ ಇದು ಹಳೇ ಹುಬ್ಬಳ್ಳಿಯ ವಠಾರ ಅನ್ನಿಸಿತು. ಎದುರಿನವರು ಹಲ್ಲುಜ್ಜೋದು ನಮಗೆ ಕಾಣುತ್ತದೆ, ನಾವು ತಲೆ ಬಾಚೋದು ಅವರಿಗೆ. ಪರದೆ ಎಳೆದೇ ಇರಬೇಕು. ಎಳೆದ ಪರದೆಗೆ ಬಾಲ್ಕನಿ ರೇಟು ಯಾಕೆ ಕೊಡಬೇಕು? ಮಗಳು ಎರಡು ದಿನ ಮಾತು ಬಿಟ್ಟಳು. ಇರಲಿ.

ಇನ್ನೊಂದು ಇನ್‌ಫಿನಿಟ್ ಬಾಲ್ಕನಿ. 2018ರಲ್ಲಿ ಬಂದ ಸೆಲೆಬ್ರಿಟಿ ಎಡ್ಜ್ ಹಡಗಿನಿಂದ ಇದು ಹೆಸರಾಯಿತು. ಹೊರಗೆ ಬೇರೆ ಜಾಗ ಅಂತ ಇಲ್ಲ. ಕೋಣೆಯೇ ಹಡಗಿನ ಅಂಚಿನವರೆಗೆ ಬರುತ್ತದೆ. ಬಟನ್ ಒತ್ತಿದರೆ ಗಾಜಿನ ಮೇಲಿನ ಅರ್ಧ ಕಾರಿನ ಕಿಟಕಿ ಹಾಗೆ ಕೆಳಗೆ ಇಳಿಯುತ್ತದೆ. ಕೋಣೆ ದೊಡ್ಡದು ಅನ್ನಿಸುತ್ತದೆ, ನಿಜ. ಆದರೆ ಗಾಜು ಇಳಿಸಿದರೆ ಒಳಗಿನ ಎಸಿ ನಿಲ್ಲುತ್ತದೆ. ಹವಾಮಾನ ಕೆಟ್ಟರೆ ಕ್ಯಾಪ್ಟನ್ ಕಡೆಯವರು ಎಲ್ಲರ ಗಾಜನ್ನೂ ಮುಚ್ಚಿ ಲಾಕ್ ಮಾಡಬಹುದು. ನಾಲ್ಕೂವರೆಗೆ ಅತ್ತೆ ಗಾಜು ಇಳಿಸಿದರೆ ಗಾಳಿ ನೇರ ನನ್ನ ಮುಖಕ್ಕೆ. ಗಂಡ ಹೆಂಡತಿ ಇಬ್ಬರೇ ಹೋದರೆ ಚೆನ್ನ. ಮೂರು ತಲೆಮಾರಿಗೆ ಆಗೋದಿಲ್ಲ.

ವರ್ಚುವಲ್ ಬಾಲ್ಕನಿ ಅಂತಲೂ ಒಂದಿದೆ. ನಗಬೇಡಿ. ಕಿಟಕಿಯಿಲ್ಲದ ಕ್ಯಾಬಿನ್‌ನ ಗೋಡೆಗೆ ನೆಲದಿಂದ ಸೂರಿನವರೆಗೆ ಟಿವಿ ಪರದೆ. ಹಡಗಿನ ಹೊರಗೆ ಇಟ್ಟ ಕ್ಯಾಮೆರಾ ತೋರಿಸುವ ಸಮುದ್ರವೇ ಅದರಲ್ಲಿ ಬರುತ್ತದೆ. 2014ರ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನ ಒಳ ಕ್ಯಾಬಿನ್‌ಗಳಿಗೆಲ್ಲ ಇದನ್ನು ಹಾಕಿದ್ದಾರೆ. ಡಿಸ್ನಿಯವರು 2011ರಲ್ಲೇ ಡಿಸ್ನಿ ಡ್ರೀಮ್‌ನಲ್ಲಿ ಗುಂಡು ಕಿಟಕಿಯಂಥ ಪರದೆ ಮಾಡಿದ್ದರು, ಅದರಲ್ಲಿ ಆಗಾಗ ಕಾರ್ಟೂನ್ ಪಾತ್ರಗಳೂ ಹಾದುಹೋಗುತ್ತವೆ. ಬೆಳಗಾಯಿತಾ ಇಲ್ಲವಾ ತಿಳಿಯೋಕೆ ಇಷ್ಟು ಸಾಕು. ಇಂಟೀರಿಯರ್ ತಗೊಳ್ಳುವವರು ಹುಡುಕಿ ತಗೊಳ್ಳಿ.

ಹಡಗಿನ ಹಿಂಭಾಗದ ಬಾಲ್ಕನಿಗಳ ಬಗ್ಗೆ ನನಗೆ ಆಸೆ ಇತ್ತು. ಸಾಮಾನ್ಯವಾಗಿ ಅವು ಬೇರೆಯವಕ್ಕಿಂತ ಅಗಲ. ಹಡಗು ಸೀಳಿಕೊಂಡು ಬಂದ ನೀರಿನ ಬಿಳಿ ಜಾಡು ಕಣ್ಣ ಮುಂದೆ ಉದ್ದಕ್ಕೆ ಹಾಸಿರುತ್ತದೆ. ಫೋಟೋ ನೋಡಿದರೆ ಬುಕ್ ಮಾಡಿಬಿಡಬೇಕು ಅನ್ನಿಸುತ್ತದೆ. ಆದರೆ ನಮ್ಮ ಸಾರಿಗೆ ಬಸ್ಸಿನ ಕೊನೇ ಸೀಟಿನಲ್ಲಿ ಗದಗಕ್ಕೆ ಹೋದವರಿಗೆ ಬೇರೆ ವಿವರಣೆ ಬೇಡ. ಹಡಗು ಮುಂದೆ ಹಿಂದೆ ತೂಗುವಾಗ ತುದಿಗಳೇ ಜಾಸ್ತಿ ಏಳುತ್ತವೆ, ಇಳಿಯುತ್ತವೆ. ಎಂಜಿನ್ ಕಡೆಯ ನಡುಕ ಬೇರೆ. ಅದಕ್ಕಿಂತ ದೊಡ್ಡ ಸಮಸ್ಯೆ ನಡಿಗೆ. ದೊಡ್ಡ ಹಡಗು ಅಂದರೆ ಮುನ್ನೂರು ಮೀಟರ್ ಮೇಲೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಮುಂದೆ ಇದೇನು ಮಹಾ ಅನ್ನಬಹುದು. ಅತ್ತೆಯ ಮೊಣಕಾಲು ಹಾಗೆ ಅನ್ನೋದಿಲ್ಲ. ದಿನಕ್ಕೆ ನಾಲ್ಕು ಸಲ ಊಟ ತಿಂಡಿಗೆ ಆ ಕಾರಿಡಾರ್ ನಡೆಯಬೇಕು. ಹಾಗಾಗಿ ಹಿಂಭಾಗ ಬಿಟ್ಟೆ, ಹೊಟ್ಟೆ ಉರಿದುಕೊಂಡೇ ಬಿಟ್ಟೆ.

ಕೊನೆಗೆ ಉಳಿದದ್ದು ಸಾದಾ ಬಾಲ್ಕನಿ. ಸಮುದ್ರದ ಕಡೆ ಮುಖ, ಹಡಗಿನ ನಡುಭಾಗ, ಲಿಫ್ಟ್‌ಗೆ ಹತ್ತಿರ, ಆದರೆ ಲಿಫ್ಟಿಗೆ ತಾಗಿಕೊಂಡಲ್ಲ. ತುಂಬಾ ಮೇಲೆಯೂ ಬೇಡ, ಮೇಲೆ ಹೋದಷ್ಟೂ ಅಲುಗಾಟ ಜಾಸ್ತಿ. ಈಜುಕೊಳದ ಡೆಕ್‌ನ ಕೆಳಗಂತೂ ಬೇಡವೇ ಬೇಡ. ಬೆಳಗಿನ ಜಾವವೇ ನಿಮ್ಮ ತಲೆ ಮೇಲೆ ಕುರ್ಚಿ ಎಳೆಯೋಕೆ ಶುರು ಮಾಡುತ್ತಾರೆ. ಮೇಲೆ ಕೆಳಗೆ ಎರಡೂ ಕಡೆ ಮಲಗುವ ಕ್ಯಾಬಿನ್‌ಗಳೇ ಇರುವ ಡೆಕ್ ಹುಡುಕಿ.

ಕ್ಯಾಬಿನ್ ನಂಬರ್ ಕೈಗೆ ಬರದೆ ದುಡ್ಡು ಕಟ್ಟಬೇಡಿ. ‘ಗ್ಯಾರಂಟಿ ಕ್ಯಾಬಿನ್’ ಅಂತ ಕಡಿಮೆ ರೇಟಿಗೆ ಕೊಡುತ್ತಾರೆ. ನಮ್ಮ ರಾಜ್ಯದಲ್ಲಿ ಗ್ಯಾರಂಟಿ ಅಂದರೆ ಬೇರೆ ಅರ್ಥ. ಅಲ್ಲಿ ಗ್ಯಾರಂಟಿ ಅಂದರೆ ಬಾಲ್ಕನಿ ಖಂಡಿತ, ಯಾವುದು ಅಂತ ಕಂಪನಿ ಆಮೇಲೆ ಹೇಳುತ್ತದೆ. ಟ್ರ್ಯಾಕ್ಟರ್ ಸಿಗೋದು ಇಲ್ಲೇ.

ಯಾವ ಮಗ್ಗುಲು ಅನ್ನೋದನ್ನೂ ನೋಡಿ. ಸಿಂಗಪುರದಿಂದ ಪೆನಾಂಗ್ ಕಡೆ ಹೋಗುವಾಗ ಬಲಕ್ಕೆ ಮಲೇಷ್ಯಾ, ಎಡಕ್ಕೆ ಸೂರ್ಯ ಮುಳುಗುವ ಕಡೆ. ಮುಂಬೈಯಿಂದ ಗೋವಾ ಕಡೆ ಇಳಿಯುವಾಗ ಎಡಕ್ಕೆ ದಂಡೆ, ಬಲಕ್ಕೆ ಸೂರ್ಯಾಸ್ತ. ವಾಪಸ್ ಬರುವಾಗ ಎಲ್ಲ ಉಲ್ಟಾ. ಅಂದ ಹಾಗೆ ಮುಂಬೈಯಿಂದ ಹೋಗುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಬೇರೆ ಹೆಸರಿನಲ್ಲಿ ಓಡಾಟ ಶುರು ಮಾಡಿದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕಡಿಮೆ. ಅಲ್ಲಿ ಬಾಲ್ಕನಿ ಬೇಕು ಅಂದರೆ ಬೇಗ ಬುಕ್ ಮಾಡಬೇಕು, ಇಲ್ಲಾಂದರೆ ಕಿಟಕಿಯಿರುವ ಓಷನ್ ವ್ಯೂನಲ್ಲಿ ಸಮಾಧಾನ.

ನಾದಿನಿಯ ಗಂಡನ ಲೆಕ್ಕ ಬೇರೆಯೇ ಇತ್ತು. “ವೈನಿ, ನಮಗೂ ಒಂದು ಬಾಲ್ಕನಿ ತಗೋರಿ” ಅಂತ ಫೋನ್ ಮೇಲೆ ಫೋನ್. ಯಾಕೆ ಅಂತ ನನಗೆ ಗೊತ್ತು, ಸಿಗರೇಟು. ಈಗ ಹೆಚ್ಚಿನ ಹಡಗುಗಳಲ್ಲಿ ಬಾಲ್ಕನಿಯಲ್ಲಿ ಸೇದುವ ಹಾಗಿಲ್ಲ, ಸಿಕ್ಕಿಬಿದ್ದರೆ ದಂಡ. 2006ರ ಮಾರ್ಚ್‌ನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಸ್ಟಾರ್ ಪ್ರಿನ್ಸೆಸ್ ಅನ್ನುವ ಹಡಗಿಗೆ ಬೆಂಕಿ ಬಿತ್ತು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣ ಇರಬೇಕು ಅಂತ ತನಿಖೆ ಹೇಳಿತು. ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ತಡಿಕೆ, ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಬೆಂಕಿ ಮೇಲಿನ ಡೆಕ್‌ಗಳಿಗೆ ಏರಿತು. ನೂರಕ್ಕೂ ಹೆಚ್ಚು ಕ್ಯಾಬಿನ್ ಹಾಳಾದವು, ಒಬ್ಬರು ಸತ್ತರು. ಬಾಲ್ಕನಿಯಲ್ಲಿ ಏನಿರಬಹುದು ಏನಿರಬಾರದು ಅನ್ನುವ ಅಂತರರಾಷ್ಟ್ರೀಯ ನಿಯಮವೇ ಆಮೇಲೆ ಬದಲಾಯಿತು. ಇಷ್ಟನ್ನೂ ಅವರಿಗೆ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, “ಹಂಗಾದ್ರ ಒಳಗಿನ ರೂಮ್ ಸಾಕ್ರಿ ವೈನಿ, ರೊಕ್ಕನೂ ಉಳಿತಾವ” ಅಂದರು.

ಮಕ್ಕಳ ವಿಷಯಕ್ಕೆ ಎಲ್ಲರೂ ಹೆದರುತ್ತಾರೆ. ಬಾಲ್ಕನಿಯ ಕಟಕಟೆ ದೊಡ್ಡವರ ಎದೆಮಟ್ಟಕ್ಕೆ ಹತ್ತಿರ ಇರುತ್ತದೆ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಕನಿಷ್ಠ 42 ಇಂಚು ಅಂತ 2010ರ ಕಾನೂನೇ ಇದೆ. ತೊಂದರೆ ಇರೋದು ಕುರ್ಚಿಯಲ್ಲಿ. ಕಟಕಟೆ ಪಕ್ಕ ಕುರ್ಚಿ ಇದ್ದರೆ ಆರು ವರ್ಷದ ಹುಡುಗನಿಗೆ ಅದು ಮೆಟ್ಟಿಲು. ನಾನು ಹೋದ ಸಲ ಅತ್ತೆ ಎದ್ದ ಕೂಡಲೇ ಕುರ್ಚಿಯನ್ನು ಗೋಡೆಗೆ ಒತ್ತಿಡುತ್ತಿದ್ದೆ.

ಕಟಕಟೆ ಮೇಲೆ ಸೀರೆ ಒಣಹಾಕುವ ಹಾಗೂ ಇಲ್ಲ. ಅತ್ತೆ ಎರಡನೇ ದಿನವೇ ಒಗೆದು ಹಿಂಡಿ ಹೊರಗೆ ಹೊರಟಿದ್ದರು. ಕ್ಯಾಬಿನ್ ನೋಡಿಕೊಳ್ಳುವ ಹುಡುಗ ನಗುತ್ತಲೇ ತಡೆದು, ಬಾತ್‌ರೂಮಿನ ಗೋಡೆಯಿಂದ ಎಳೆಯುವ ಒಂದು ದಾರ ತೋರಿಸಿದ. ಅದು ಇದ್ದದ್ದು ಎರಡು ಮಾರು ಉದ್ದ. ಇಳಕಲ್ ಸೀರೆ ಎಷ್ಟು ಮಡಿಕೆ ಆಗಿ ಒಣಗಿತು ಅಂತ ನೀವೇ ಲೆಕ್ಕ ಹಾಕಿ.

ಈಗ ನಮ್ಮ ತೀರ್ಮಾನ ಹೀಗಿದೆ. ನಡುಭಾಗದಲ್ಲಿ ಒಂದು ಸಾದಾ ಬಾಲ್ಕನಿ ಕ್ಯಾಬಿನ್, ಅದರಲ್ಲಿ ಅತ್ತೆ, ನಾನು, ಯಜಮಾನರು, ಮಗ. ಕಾರಿಡಾರ್ ದಾಟಿದರೆ ಎದುರಿಗೇ ಕಿಟಕಿಯಿಲ್ಲದ ಕ್ಯಾಬಿನ್, ಅದರಲ್ಲಿ ನಾದಿನಿ, ಅವಳ ಗಂಡ, ಮಗಳು. ಎಲ್ಲರಿಗೂ ಒಂದೇ ಗ್ಯಾಲರಿ. ಎರಡು ಬಾಲ್ಕನಿ ಅಕ್ಕಪಕ್ಕ ತಗೊಂಡರೆ ಎಷ್ಟೋ ಹಡಗುಗಳಲ್ಲಿ ನಡುವಿನ ತಡಿಕೆ ತೆಗೆದು ಉದ್ದಕ್ಕೆ ಪಡಸಾಲೆ ಮಾಡಿಕೊಡುತ್ತಾರಂತೆ. ಆಸೆ ಆಗುತ್ತದೆ. ಆದರೆ ರೇಟು ಕೇಳಿದ ಮೇಲೆ ಒಂದೇ ಸಾಕು ಅನ್ನಿಸಿತು. ರೇಟು ನೋಡುವಾಗ ನೆನಪಿಡಿ, ಅದು ತಲೆಗೆ ಇಷ್ಟು ಅಂತ, ಒಂದು ಕ್ಯಾಬಿನ್‌ಗೆ ಇಬ್ಬರು ಅನ್ನೋ ಲೆಕ್ಕದಲ್ಲಿ. ಮೂರನೆಯ, ನಾಲ್ಕನೆಯವರಿಗೆ ಹೆಚ್ಚಾಗಿ ಕಡಿಮೆ. ಬಂದರಿನ ಶುಲ್ಕ, ಟಿಪ್ಸ್ ಬೇರೆ.

ಕ್ಯಾಬಿನ್ ನಂಬರ್ ಬಂದಿದೆ. ಡೆಕ್ ಪ್ಲ್ಯಾನ್ ಪ್ರಿಂಟ್ ತೆಗೆದು ನೋಡಿದೆ. ಮುಂದೆ ದೋಣಿ ಇಲ್ಲ, ಮೇಲೆ ಈಜುಕೊಳ ಇಲ್ಲ. ಒಂದೇ ಒಂದು ಅನುಮಾನ ಉಳಿದಿದೆ, ತಿಳಿದವರು ಕಾಮೆಂಟ್‌ನಲ್ಲಿ ಹೇಳಿ. ಈ ಕ್ಯಾಬಿನ್‌ನಲ್ಲಿ ನಾಲ್ಕನೆಯವರ ಹಾಸಿಗೆ ಅಂದರೆ ಬಿಚ್ಚಿ ಹಾಸುವ ಸೋಫಾ. ಅದು ಇರೋದು ಬಾಲ್ಕನಿ ಬಾಗಿಲ ಪಕ್ಕದಲ್ಲೇ. ರಾತ್ರಿ ಬಿಚ್ಚಿದ ಮೇಲೆ ಬಾಗಿಲಿಗೆ ಹೋಗೋಕೆ ದಾರಿ ಉಳಿಯುತ್ತಾ? ಇಲ್ಲಾಂದರೆ ನಾಲ್ಕೂವರೆಗೆ ಅತ್ತೆ ಮೊಮ್ಮಗನನ್ನು ದಾಟಿಕೊಂಡು ಹೋಗಬೇಕಾಗುತ್ತದೆ.